ಮನೆ ಹಿಂದಿನ ಜೌಗಿನಲ್ಲಿ ಬಿಳಿ ಕುಚ್ಚಿನ ಹೂವು. ಮಂಗಳವಾರ ಹುಲ್ಲು ಹೊಡೆಸುತ್ತಾರಂತೆ, ಏನು ಮಾಡಲಿ?

ಲೆಕ್ಕದಮ್ಮ
ಜುಲೈ 3, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಇಲ್ಲಿ ನಾನು ಓದುವುದೇ ಜಾಸ್ತಿ, ಬರೆಯುವುದು ಕಡಿಮೆ. ಇವತ್ತು ಸ್ವಲ್ಪ ಅವಸರದ ವಿಷಯ ಇದೆ.

ನಾವಿರುವುದು ಶಿಕಾಗೋ ಹತ್ತಿರದ ಒಂದು ಊರಿನಲ್ಲಿ. ಮನೆ ಹಿಂದೆ ಬಡಾವಣೆಗೆ ಸೇರಿದ ತಗ್ಗು ಜಾಗ ಒಂದಿದೆ. ಮಳೆ ನೀರು ಇಳಿಯಲಿ ಅಂತ ಹಾಗೇ ಬಿಟ್ಟಿದ್ದಾರೆ. ಬರೀ ಜೇಕು, ಎತ್ತರದ ಹುಲ್ಲು, ಅಂಚಿನಲ್ಲಿ ಪೊದೆ. ಆರು ವರ್ಷದಿಂದ ಅಡುಗೆಮನೆ ಕಿಟಕಿಯಿಂದ ಅದನ್ನು ನೋಡುತ್ತಾ ಪಾತ್ರೆ ತೊಳೆದಿದ್ದೇನೆ. ಒಂದು ದಿನವೂ ಒಳಗೆ ಕಾಲಿಟ್ಟಿರಲಿಲ್ಲ. ಸೊಳ್ಳೆ ಕಾಟ, ಉಣುಗಿನ ಭಯ.

ಅಮ್ಮ ಮೇ ತಿಂಗಳಲ್ಲಿ ಸಾಗರದಿಂದ ಬಂದರು. ಬಂದ ವಾರವೇ "ನಮ್ಮನೆ ಕೆಳಗಿನ ಹಡ್ಲು ಹಾಗೇ ಇದ್ಯಲೇ ಇದು" ಅಂದರು. ಇವತ್ತು ಊಟ ಆದಮೇಲೆ ಇಬ್ಬರೂ ಹಿಂದಿನ ದಾರಿಯಲ್ಲಿ ನಡೆಯುತ್ತಿದ್ದೆವು. ಎಂಟೂವರೆ ಆಗಿತ್ತು, ಬೆಳಕು ಹೋಗುವ ಹೊತ್ತು. ಅಮ್ಮ ನಿಂತು ಮೂಗು ಎತ್ತಿದರು. ನನಗೆ ಏನೂ ಗೊತ್ತಾಗಲಿಲ್ಲ. ಅವರು ಸೀರೆ ಎತ್ತಿ ಸಿಕ್ಕಿಸಿಕೊಂಡು, ನನ್ನ ಗಂಡನ ಹಳೇ ಶೂ ಹಾಕಿಕೊಂಡಿದ್ದ ಕಾಲಲ್ಲೇ ಹುಲ್ಲಿಗೆ ಇಳಿದರು. ಇಪ್ಪತ್ತು ಹೆಜ್ಜೆ ಹೋಗಿ "ಕೂಸೇ, ಇಲ್ಲಿ ಬಾ" ಅಂದರು.

ದಂಟು ನನ್ನ ಮೊಣಕಾಲಿಗಿಂತ ಸ್ವಲ್ಪ ಎತ್ತರ. ತುದಿಯಲ್ಲಿ ಬಿಳಿ ಹೂವಿನ ಗೊಂಚಲು. ಅಚ್ಚ ಬಿಳಿ ಅಲ್ಲ, ಹಸುವಿನ ಹಾಲಿನ ಬಿಳಿ. ಪ್ರತಿ ಹೂವಿನ ಕೆಳಗಿನ ಎಸಳು ಮೂರು ಸೀಳಾಗಿದೆ, ಸೀಳಿನ ಅಂಚೆಲ್ಲ ಎಳೆ ಎಳೆ. ಅಮ್ಮ "ಸೆರಗಿಗೆ ಕುಚ್ಚು ಕಟ್ಟಿದ ಹಾಗಿದೆ" ಅಂದರು, ಅದಕ್ಕಿಂತ ಸರಿಯಾಗಿ ಹೇಳಲು ನನಗೆ ಬರುವುದಿಲ್ಲ. ಹೂವಿನ ಹಿಂದೆ ಇಲಿ ಬಾಲದಂತೆ ಉದ್ದ ಕೊಳವೆ. ಹತ್ತಿರ ಬಗ್ಗಿದಾಗ ನನಗೂ ಪರಿಮಳ ಬಂತು.

ನನ್ನದು ಅಕೌಂಟ್ಸ್ ಕೆಲಸ. ಎಣಿಸದೆ ಇರಲು ಆಗುವುದಿಲ್ಲ. ಒಟ್ಟು 11 ದಂಟು, 163 ಹೂವು.

ಫೋನಿನ ಆ್ಯಪ್ "ಈಸ್ಟರ್ನ್ ಪ್ರೇರಿ ಫ್ರಿಂಜ್ಡ್ ಆರ್ಕಿಡ್" ಅನ್ನುತ್ತಿದೆ. ಅಪಾಯದಲ್ಲಿರುವ ಗಿಡಗಳ ಫೆಡರಲ್ (ಅಮೆರಿಕ ಕೇಂದ್ರ ಸರ್ಕಾರದ) ಪಟ್ಟಿಯಲ್ಲಿ ಇದೆಯಂತೆ. ಇದು ನಿಜಾನಾ? ಯಾಕೆ ಕೇಳುತ್ತಿದ್ದೇನೆ ಅಂದರೆ, ನಮ್ಮ ಬಡಾವಣೆ ಅಸೋಸಿಯೇಷನ್‌ನವರು ಈ ಮಂಗಳವಾರ ತಗ್ಗಿನ ಹುಲ್ಲು ಹೊಡೆಸುತ್ತೇವೆ ಅಂತ ನೋಟಿಸ್ ಹಾಕಿದ್ದಾರೆ. ಪಟ್ಟಿಯಲ್ಲಿ ಇದ್ದರೆ ಹಾಗೆ ಕತ್ತರಿಸಲು ಬಿಡುತ್ತಾರಾ? ಪೊಲೀಸರಿಗೆ ಹೇಳಬೇಕಾ, ಯಾರಿಗೆ ಹೇಳಬೇಕು?

ಇನ್ನೊಂದು. ಅಮ್ಮ ಒಂದು ಗೆಡ್ಡೆ ಕಿತ್ತು ಕುಂಡದಲ್ಲಿ ಹಾಕೋಣ ಅನ್ನುತ್ತಿದ್ದಾರೆ. "ಹೆಂಗೂ ಕೊಯ್ದು ಹಾಕ್ತಾರಲ್ಲ, ಒಂದಾದ್ರೂ ಉಳೀಲಿ" ಅನ್ನುವುದು ಅವರ ವಾದ. ನನಗೂ ಸರಿ ಅನಿಸುತ್ತಿದೆ. ಫೋಟೋ ಎರಡು ಹಾಕಿದ್ದೇನೆ ನೋಡಿ.


ಹುಲ್ಲುಬಯಲು
ಜುಲೈ 4, ಬೆಳಗ್ಗೆ 6:05

ಮೇಡಂ, ಮೊದಲು ಎರಡನೇ ಫೋಟೋ ಇಲ್ಲಿಂದ ತೆಗೆದುಹಾಕಿ. ಹಿಂದೆ ರಸ್ತೆ ಹೆಸರಿನ ಬೋರ್ಡ್ ಕಾಣಿಸುತ್ತಿದೆ. ಕಾಫಿ ಕುಡಿಯುವ ಮೊದಲು ಈ ಕೆಲಸ ಮಾಡಿ. ಆರ್ಕಿಡ್ ಕದ್ದು ಅಗೆಯುವ ಜನ ಎಲ್ಲ ಕಡೆ ಇದ್ದಾರೆ. ಇಂಥ ಹೂವು ಎಲ್ಲಿದೆ ಅಂತ ನಾವು ಯಾರಿಗೂ ಹೇಳುವುದಿಲ್ಲ. ಗಿಡ, ಪ್ರಾಣಿಗಳ ಫೋಟೋ ಹಾಕುವ ಐನ್ಯಾಚುರಲಿಸ್ಟ್ ಆ್ಯಪ್‌ನಲ್ಲಿ ಹಾಕಿದರೂ ಅಪಾಯದಲ್ಲಿರುವ ಗಿಡ ಅಂದ ಕೂಡಲೇ ಅದು ನಿಖರ ಜಾಗವನ್ನು ಮರೆಮಾಡುತ್ತದೆ.

ಈಗ ನಿಮ್ಮ ಪ್ರಶ್ನೆ. ಹೌದು, ಅದೇ ಹೂವು. ಇದೇ ಕುಲದ ಇನ್ನೊಂದು ಕುಚ್ಚಿನ ಆರ್ಕಿಡ್ ಇಲಿನಾಯ್‌ನಲ್ಲಿ ಬೆಳೆಯುತ್ತದೆ. ಆದರೆ ಅದು ಹಸಿರು ಬೆರೆತ ಬಿಳಿ, ಅಂಚು ಚಿಂದಿ ಚಿಂದಿ, ಹಿಂದಿನ ಕೊಳವೆ ಒಂದು ಇಂಚೂ ಇರುವುದಿಲ್ಲ. ನಿಮ್ಮದರಲ್ಲಿ ಕೊಳವೆ ಒಂದು ಇಂಚು ದಾಟಿದೆ, ಅಮ್ಮನ ಬೆರಳಿನ ಪಕ್ಕ ಚೆನ್ನಾಗಿ ಕಾಣುತ್ತಿದೆ. ಪಶ್ಚಿಮದ ಪ್ರೇರಿಯಲ್ಲಿ, ಅಂದರೆ ಇಲ್ಲಿನ ಹುಲ್ಲುಗಾವಲಿನಲ್ಲಿ, ಇದರ ದೊಡ್ಡ ಅಕ್ಕನಂಥದ್ದು ಇನ್ನೊಂದು ಇದೆ. 1986ರ ತನಕ ಎರಡನ್ನೂ ಒಂದೇ ಅಂದುಕೊಂಡಿದ್ದರು. ಆಮೇಲೆ ಬೇರೆ ಮಾಡಿದರು. 1989ರ ಸೆಪ್ಟೆಂಬರ್‌ನಲ್ಲಿ ಎರಡನ್ನೂ ಫೆಡರಲ್ ಪಟ್ಟಿಗೆ ಸೇರಿಸಿದರು. ಫೆಡರಲ್ ಪಟ್ಟಿಯಲ್ಲಿ "ಥ್ರೆಟನ್ಡ್", ಇಲಿನಾಯ್ ರಾಜ್ಯದ ಪಟ್ಟಿಯಲ್ಲಿ ಇನ್ನೂ ಒಂದು ಮೆಟ್ಟಿಲು ಮೇಲೆ, "ಎಂಡೇಂಜರ್ಡ್".

ಅಮ್ಮನಿಗೆ ಹೇಳಿ, ದಯವಿಟ್ಟು ಕೀಳಬೇಡಿ. ಕುಂಡದಲ್ಲಿ ಇದು ಬದುಕುವುದಿಲ್ಲ. ಈ ಗಿಡ ಮಣ್ಣಿನಲ್ಲಿರುವ ಒಂದು ಬಗೆಯ ಬೂಷ್ಟನ್ನು ನಂಬಿಕೊಂಡಿದೆ. ಬೀಜ ಧೂಳಿನಷ್ಟು ಸಣ್ಣದು, ಅದರೊಳಗೆ ಮೊಳಕೆಗೆ ಬೇಕಾದ ಬುತ್ತಿಯೇ ಇಲ್ಲ. ಬೂಷ್ಟು ಸಿಕ್ಕಿದರೆ ಮಾತ್ರ ಮೊಳೆಯುತ್ತದೆ. ಮೊಳೆತರೂ ಹೂ ಬಿಡಲು ಐದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಬೇಕು. ಕೆಲವು ವರ್ಷ ಮೇಲೆ ಬರುವುದೇ ಇಲ್ಲ, ಗೆಡ್ಡೆ ನೆಲದಡಿ ಸುಮ್ನೆ ಮಲಗಿರುತ್ತದೆ. ಆರು ವರ್ಷ ನಿಮ್ಮ ಕಣ್ಣಿಗೆ ಬೀಳದಿದ್ದರೆ ಆಶ್ಚರ್ಯ ಏನಿಲ್ಲ.

ನಾನು ನಾಲ್ಕು ಬೇಸಿಗೆಯಿಂದ ಈ ಹೂವಿಗೆ ಪರಾಗ ಕಟ್ಟುವ ಸ್ವಯಂಸೇವೆಗೆ ಹೋಗುತ್ತಿದ್ದೇನೆ. ಫಿಶ್ ಅಂಡ್ ವೈಲ್ಡ್‌ಲೈಫ್ ಸರ್ವೀಸ್ ಅನ್ನುವ ಫೆಡರಲ್ ವನ್ಯಜೀವಿ ಇಲಾಖೆಯ ಶಿಕಾಗೋ ಕಚೇರಿ ಇದನ್ನು ನೋಡಿಕೊಳ್ಳುತ್ತದೆ. ಪರವಾನಗಿ ಇರುವವರ ಜೊತೆ ಹೋಗಬೇಕು. ಕೈಯಲ್ಲಿ ಏನು ಸಲಕರಣೆ ಗೊತ್ತಾ? ಹಲ್ಲುಕಡ್ಡಿ. ಅಂಗಡಿಯಲ್ಲಿ ಸಿಗುವ ಟೂತ್‌ಪಿಕ್, ಅಷ್ಟೇ.

ಹೂವಿನ ಬಾಯಿಯ ಮೇಲೆ ಎರಡು ಸಣ್ಣ ಚೀಲ ಇರುತ್ತವೆ. ಪ್ರತಿ ಚೀಲದಲ್ಲಿ ಹಳದಿ ಪರಾಗದ ಗಂಟು, ಸಾಸಿವೆ ಕಾಳುಗಳನ್ನು ಒಟ್ಟಿಗೆ ಅಂಟಿಸಿದ ಹಾಗೆ. ಅದಕ್ಕೊಂದು ಕಾಲು, ಕಾಲಿನ ತುದಿಯಲ್ಲಿ ಅಂಟು. ಹಲ್ಲುಕಡ್ಡಿಯನ್ನು ಒಳಗೆ ಮೆಲ್ಲಗೆ ಒತ್ತಿ ಎಳೆದರೆ ಗಂಟು ಅಂಟಿಕೊಂಡು ಹೊರಗೆ ಬರುತ್ತದೆ. ಹೊರಗೆ ಬಂದು ಒಂದೆರಡು ನಿಮಿಷದಲ್ಲಿ ತಾನಾಗಿಯೇ ಮುಂದಕ್ಕೆ ಬಾಗುತ್ತದೆ. ಮೊದಲ ಸಲ ನೋಡಿದಾಗ ನನ್ನ ಕೈ ನಡುಗಿತ್ತು. ಬಾಗಿದ ಮೇಲೆ ಅದನ್ನು ಬೇರೆ ಗಿಡದ ಹೂವಿಗೆ ಒಯ್ದು ಒಳಗಿನ ಒದ್ದೆ ಜಾಗಕ್ಕೆ ಒತ್ತಬೇಕು. ಅದೇ ಗಿಡಕ್ಕೆ ಹಾಕಿದರೆ ಬೀಜ ಅಷ್ಟು ಚೆನ್ನಾಗಿ ಬರುವುದಿಲ್ಲ. ಹತ್ತು ಹೂವು ಮಾಡುವಷ್ಟರಲ್ಲಿ ಬೆನ್ನು ಹೋಗುತ್ತದೆ, ಸೊಳ್ಳೆ ಕಿವಿಯೊಳಗೆ ಹೋಗಿರುತ್ತದೆ.

ನಿಜವಾಗಿ ಈ ಕೆಲಸ ಹಾಕ್ ಮಾತ್ ಅನ್ನುವ ದೊಡ್ಡ ರಾತ್ರಿ ಪತಂಗದ್ದು. ಅಮ್ಮನಿಗೆ ಸಂಜೆ ಪರಿಮಳ ಬಂತಲ್ಲ, ಅದು ಅವಕ್ಕೆ ಕಳಿಸಿದ ಕರೆಯೋಲೆ. ಆ ಉದ್ದ ಕೊಳವೆಯ ತಳದಲ್ಲಿರುವ ಜೇನಿಗೆ ಅಷ್ಟೇ ಉದ್ದ ನಾಲಿಗೆ ಇರುವವರು ಮಾತ್ರ ಕೈ ಹಾಕಬಹುದು. ಕುಡಿಯುವಾಗ ಗಂಟು ನಾಲಿಗೆಗೆ ಅಂಟುತ್ತದೆ, ಮುಂದಿನ ಹೂವಿಗೆ ಹೋಗುತ್ತದೆ. ಆ ಪತಂಗಗಳಲ್ಲಿ ಒಂದರ ಹುಳ ಕಾಡು ದ್ರಾಕ್ಷಿ ಬಳ್ಳಿ ತಿಂದು ಬೆಳೆಯುತ್ತದೆ. ನಮ್ಮ ಬಡಾವಣೆಗಳಲ್ಲಿ ದ್ರಾಕ್ಷಿ ಬಳ್ಳಿ ಕಂಡರೆ ಕಳೆ ಅಂತ ಕಿತ್ತು ಹಾಕುತ್ತಾರೆ, ಮೇಲೆ ಸೊಳ್ಳೆ ಔಷಧಿ, ರಾತ್ರಿಯೆಲ್ಲ ದೀಪ. ಪತಂಗ ಎಲ್ಲಿಂದ ಬರಬೇಕು?

ಹುಲ್ಲು ಹೊಡೆಸುವುದನ್ನು ಪೂರ್ತಿ ನಿಲ್ಲಿಸಿ ಅಂತ ಜಗಳ ಮಾಡಬೇಡಿ. ಇದು ಹೇಳಿದರೆ ಬಹಳ ಜನ ಬೆಚ್ಚುತ್ತಾರೆ. ಈ ಗಿಡಕ್ಕೆ ಬಯಲು ಬೇಕು. ಮೊದಲು ಪ್ರೇರಿಗೆ ಬೆಂಕಿ ಬೀಳುತ್ತಿತ್ತು, ಪೊದೆ ಸುಟ್ಟುಹೋಗುತ್ತಿತ್ತು. ಈಗಲೂ ಕಾದಿಟ್ಟ ಪ್ರೇರಿಗಳಿಗೆ ಬೇಕಂತಲೇ ಬೆಂಕಿ ಹಾಕುತ್ತೇವೆ. ನಿಮ್ಮ ತಗ್ಗಿಗೆ ಹುಲ್ಲು ಹೊಡೆಸದೆ ಹತ್ತು ವರ್ಷ ಬಿಟ್ಟರೆ ವಿಲ್ಲೋ, ಡಾಗ್‌ವುಡ್ ಪೊದೆ ಮುಚ್ಚಿಕೊಂಡು ಆರ್ಕಿಡ್ ಹೋಗುತ್ತದೆ. ನನ್ನ ಊಹೆ ಏನೆಂದರೆ, ಅಸೋಸಿಯೇಷನ್‌ನವರು ಆಗಾಗ ಹೊಡೆಸಿದ್ದರಿಂದಲೇ ಇದು ಅಲ್ಲಿ ಉಳಿದಿದೆ. ತಪ್ಪಿರುವುದು ತಾರೀಖು ಮಾತ್ರ. ಈಗ ಕತ್ತರಿಸಿದರೆ ಈ ವರ್ಷದ ಬೀಜ ಹೋಯಿತು. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ತನಕ ಕಾಯಿ ಒಡೆದು ಬೀಜ ಗಾಳಿಗೆ ಹೋಗುತ್ತದೆ. ಅಕ್ಟೋಬರ್ ಮಧ್ಯದಲ್ಲಿ ಹೊಡೆಸಿ ಅಂತ ಕೇಳಿ. ಬೇಡ ಅನ್ನುವುದಕ್ಕಿಂತ ಆಮೇಲೆ ಅನ್ನುವುದನ್ನು ಒಪ್ಪಿಸುವುದು ಸುಲಭ.

ಇವತ್ತು ರಜೆ, ಕಚೇರಿ ಇರುವುದಿಲ್ಲ. ನಮ್ಮ ತಂಡದ ಸಸ್ಯತಜ್ಞೆಗೆ ನಾನು ಈಗಲೇ ಮೆಸೇಜ್ ಹಾಕುತ್ತೇನೆ. ನಿಮ್ಮ ಜಾಗದ ವಿವರ ಇಲ್ಲಿ ಬೇಡ, ನನಗೆ ಬೇರೆಯಾಗಿ ಕಳಿಸಿ.


ಸುಮ್ನೆಬಂದೆ
ಜುಲೈ 4, ಮಧ್ಯಾಹ್ನ 12:20

ಬೇಜಾರು ಮಾಡಿಕೊಳ್ಳಬೇಡಿ, ಹನ್ನೊಂದು ಗಿಡಕ್ಕೆ ಇಷ್ಟು ರಾದ್ಧಾಂತ ಯಾಕೆ ಅಂತ ಕೇಳುತ್ತಿದ್ದೇನೆ. ಸೂಪರ್ ಮಾರ್ಕೆಟ್‌ನಲ್ಲಿ ಆರ್ಕಿಡ್ ಕುಂಡ ಸಾಲು ಸಾಲು ಇಟ್ಟಿರುತ್ತಾರೆ. ನಮ್ಮ ಅಸೋಸಿಯೇಷನ್ ಮೀಟಿಂಗ್‌ನಲ್ಲಿ ಯಾರಾದರೂ "ಹೂವು ಇದೆ, ಹುಲ್ಲು ಹೊಡೆಯಬೇಡಿ" ಅಂದರೆ ಉಳಿದವರು ಉಣುಗು, ಹಾವು ಅಂತ ಮೈಮೇಲೆ ಬರುತ್ತಾರೆ. ಈಗಷ್ಟೇ ಬಂದು ಸೇರಿದ ದೇಸಿ ಮನೆಯವರು ಸುಮ್ನೆ ಯಾಕೆ ಕೆಟ್ಟವರಾಗಬೇಕು ಅಂತ.


ಹುಲ್ಲುಬಯಲು
ಜುಲೈ 4, ಮಧ್ಯಾಹ್ನ 1:45

ಸರ್, ಅಂಗಡಿ ಆರ್ಕಿಡ್ ಲ್ಯಾಬಿನಲ್ಲಿ ಲಕ್ಷಗಟ್ಟಲೆ ಮಾಡುವಂಥದ್ದು. ಅದಕ್ಕೂ ಇದಕ್ಕೂ ಫಾರಂ ಕೋಳಿಗೂ ಕಾಡುಕೋಳಿಗೂ ಇರುವಷ್ಟು ನಂಟು.

ಹನ್ನೊಂದು ಅಂದಿರಲ್ಲ. ಇಲಿನಾಯ್‌ಗೆ "ಪ್ರೇರಿ ರಾಜ್ಯ" ಅಂತಲೇ ಹೆಸರು. ಸುಮಾರು 2 ಕೋಟಿ 20 ಲಕ್ಷ ಎಕರೆ ಪ್ರೇರಿ ಇತ್ತು. 1970ರ ದಶಕದ ಕೊನೆಯಲ್ಲಿ ರಾಜ್ಯದವರು ಹುಡುಕಿದಾಗ ಕೆಡದೆ ಉಳಿದಿದ್ದು ಎರಡು ಸಾವಿರದ ಚಿಲ್ಲರೆ ಎಕರೆ. ಅದೂ ರೈಲು ಹಳಿ ಪಕ್ಕ, ಹಳೇ ಸ್ಮಶಾನದ ಮೂಲೆ, ಹೀಗೆ ಚೂರು ಚೂರು. ಮೊದಲು ಇಲ್ಲಿನ ಮಣ್ಣು ಕಬ್ಬಿಣದ ನೇಗಿಲಿಗೆ ಹಲ್ವದ ಹಾಗೆ ಮೆತ್ತಿಕೊಳ್ಳುತ್ತಿತ್ತು, ಹೂಡಲು ಆಗುತ್ತಿರಲಿಲ್ಲ. 1837ರಲ್ಲಿ ಜಾನ್ ಡಿಯರ್ ಅನ್ನುವ ಕಮ್ಮಾರ ಇದೇ ರಾಜ್ಯದ ಗ್ರ್ಯಾಂಡ್ ಡಿಟೂರ್ ಊರಿನಲ್ಲಿ ಉಕ್ಕಿನ ನೇಗಿಲು ಮಾಡಿದ. ಅಲ್ಲಿಗೆ ಒಣ ಪ್ರೇರಿ ಮುಗಿಯಿತು. ಒದ್ದೆ ಪ್ರೇರಿಗೆ ಇನ್ನೂ ಸ್ವಲ್ಪ ಆಯುಷ್ಯ ಇತ್ತು. ಆಮೇಲೆ ನೆಲದಡಿ ಮಣ್ಣಿನ ಕೊಳವೆ ಹೂತು ನೀರು ಬಸಿದರು. ಮೆಕ್ಕೆಜೋಳ, ಸೋಯಾ ಬಂತು. 1780ರಿಂದ 1980ರ ನಡುವೆ ಇಲಿನಾಯ್ ತನ್ನ ಜೌಗು ನೆಲದಲ್ಲಿ ನೂರಕ್ಕೆ 85ರಷ್ಟು ಕಳೆದುಕೊಂಡಿದೆ. ಈ ಹೂವು ಇದ್ದದ್ದು ಅಲ್ಲೇ.

ಹಾಗಾಗಿ ಹನ್ನೊಂದು ದಂಟು ಅಂದರೆ ನಮಗೆ ಒಂದು ಹೊಸ ಜಾಗ ಸಿಕ್ಕಿದ ಹಾಗೆ. 1999ರಲ್ಲಿ ಇದನ್ನು ಉಳಿಸುವ ಯೋಜನೆ ಬರೆದಾಗ ಇಟ್ಟುಕೊಂಡ ಗುರಿಯೇ ಗಟ್ಟಿಯಾದ 22 ನೆಲೆ. ಲಕ್ಷ ಅಲ್ಲ, ಸಾವಿರ ಅಲ್ಲ. ಇಪ್ಪತ್ತೆರಡು.


ಕರಿಕೋಟು
ಜುಲೈ 4, ಸಂಜೆ 5:30

ನಾನು ವಕೀಲ. ಇದು ವಕೀಲರ ಸಲಹೆ ಅಲ್ಲ, ಇಲ್ಲಿ ಎಲ್ಲರೂ ಹಾಗೆ ಬರೆಯಬೇಕು, ಬರೆದೆ.

ಲೆಕ್ಕದಮ್ಮ ಅವರೇ, ಪೊಲೀಸ್ ವಿಷಯ ಬಿಡಿ. ಅಪಾಯದಲ್ಲಿರುವ ಜೀವಿಗಳ 1973ರ ಫೆಡರಲ್ ಕಾಯ್ದೆಯಲ್ಲಿ ಪ್ರಾಣಿಗೂ ಗಿಡಕ್ಕೂ ಒಂದೇ ನ್ಯಾಯ ಇಲ್ಲ. ನಿಮ್ಮ ಹಿತ್ತಿಲಲ್ಲಿ ಪಟ್ಟಿಯಲ್ಲಿರುವ ಹಕ್ಕಿ ಗೂಡು ಕಟ್ಟಿದ್ದರೆ ಅದನ್ನು ಮುಟ್ಟುವ ಹಾಗಿಲ್ಲ, ಜಾಗ ಯಾರದ್ದಾದರೂ ಸರಿ. ಗಿಡ ಹಾಗಲ್ಲ. ಸರ್ಕಾರದ ಫೆಡರಲ್ ಜಮೀನಿನಲ್ಲಿ ಇದ್ದರೆ ಕೀಳುವುದು ಅಪರಾಧ. ಖಾಸಗಿ ಜಾಗದಲ್ಲಿ ಇದ್ದರೆ, ರಾಜ್ಯದ ಕಾನೂನು ಮುರಿದಾಗ ಮಾತ್ರ ಫೆಡರಲ್ ಕಾಯ್ದೆ ಹತ್ತಿರ ಬರುತ್ತದೆ. ಇಲಿನಾಯ್ ಕಾನೂನು ಏನು ಹೇಳುತ್ತದೆ? ಜಾಗದ ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಪಟ್ಟಿಯ ಗಿಡವನ್ನು ಕೀಳಬಾರದು ಅಂತ. ಅಂದರೆ ಅರ್ಥ ಮಾಡಿಕೊಳ್ಳಿ. ಮಾಲೀಕ ನಿಮ್ಮ ಅಸೋಸಿಯೇಷನ್. ಅವರು ಕತ್ತರಿಸಿದರೆ ಕೇಳುವವರಿಲ್ಲ. ಅಮ್ಮ ಕುಂಡಕ್ಕೆ ಕಿತ್ತರೆ ತಪ್ಪು ಅಮ್ಮನದ್ದು!

ಕಾಮಗಾರಿಗೆ ಫೆಡರಲ್ ದುಡ್ಡು ಅಥವಾ ಪರವಾನಗಿ ಬೇಕಾದರೆ ಕಥೆ ಬೇರೆ, ಆಗ ಆ ಇಲಾಖೆ ಗಿಡದ ಬಗ್ಗೆ ವಿಚಾರಿಸಲೇಬೇಕು. ಹುಲ್ಲು ಹೊಡೆಯಲು ಯಾರ ಪರವಾನಗಿಯೂ ಬೇಡ. ಜೌಗು ಅಂತ ಹಿಡಿಯೋಣ ಅಂದರೆ, ಸುಪ್ರೀಂ ಕೋರ್ಟ್‌ನ 2023ರ ಸಾಕೆಟ್ ತೀರ್ಪಿನ ನಂತರ ಹೊಳೆಗೋ ಕೆರೆಗೋ ನೆಲದ ಮೇಲೆ ಎಡೆಬಿಡದ ನೀರಿನ ಸಂಪರ್ಕ ಇಲ್ಲದ ಒಂಟಿ ಜೌಗುಗಳು ಫೆಡರಲ್ ನೀರಿನ ಕಾಯ್ದೆಯಿಂದ ಹೊರಗೆ ಬಿದ್ದಿವೆ.

ಆದ್ದರಿಂದ ಮೀಟಿಂಗ್‌ಗೆ ಹೋಗಿ ಬಾಯಿ ಸಿಹಿ ಮಾಡಿ ಕೇಳುವುದೇ ದಾರಿ. ಪಟ್ಟಿ ತೋರಿಸಿ ಹೆದರಿಸಲು ಹೋಗಬೇಡಿ. ಹೆದರಿದವರು ಮರುದಿನವೇ ಮೋವರ್ ಕರೆಸುತ್ತಾರೆ.


ಬ್ಯಾಣದಂಚು
ಜುಲೈ 5, ಬೆಳಗ್ಗೆ 9:10 (ಶಿರಸಿಯಿಂದ)

ಲೆಕ್ಕದಮ್ಮನವರ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಮಲೆನಾಡಿನ ಮೂಗು ಅದು.

ನಿಮ್ಮ ಹೂವಿನ ಹಳೇ ಹೆಸರು ನೋಡಿದಿರಾ? ಹಿಂದಿನ ಪುಸ್ತಕಗಳಲ್ಲಿ ಅದನ್ನು ಹಬೆನೇರಿಯಾ ಕುಲಕ್ಕೆ ಸೇರಿಸಿದ್ದರು, ಆಮೇಲೆ ಪ್ಲಾಟಾಂಥೆರಾ ಅಂತ ಬೇರೆ ಮಾಡಿದರು. ಆ ಹಬೆನೇರಿಯಾಗಳು ಮಳೆಗಾಲದಲ್ಲಿ ನಮ್ಮ ಬ್ಯಾಣದಲ್ಲಿ, ಅಂದರೆ ಹುಲ್ಲು ಬೆಳೆಯುವ ಬಯಲಿನಲ್ಲಿ, ಏಳುತ್ತವೆ. ಬಿಳಿ ಹೂವು, ಹಿಂದೆ ಬಾಲ, ನೆಲದಡಿ ಗೆಡ್ಡೆ. ಅಮ್ಮನಿಗೆ ಗುರುತು ಸಿಕ್ಕಿದ್ದು ಸುಮ್ನೆ ಅಲ್ಲ. ಮಳೆ ನಿಂತ ಮೇಲೆ ಮಾಯ. ಬ್ಯಾಣ ಬಗರ್‌ಹುಕುಂ ಆಗಿಯೋ ಅಕೇಶಿಯಾ ನೆಟ್ಟೋ ಹೋದ ಕಡೆ ಅವೂ ಹೋದವು. ಸೀತಾಳೆ ದಂಡೆಯಾದರೆ ಮರದ ಮೇಲಿರುತ್ತದೆ, ಜನಕ್ಕೆ ಕಾಣುತ್ತದೆ, ಹೆಸರೂ ಇದೆ. ಹುಲ್ಲಿನ ನಡುವಿನ ಆರ್ಕಿಡ್‌ಗೆ ನಮ್ಮೂರಲ್ಲಿ ಹೆಸರೇ ಇಲ್ಲ, ದನ ಮೇಯಿಸುವವರನ್ನು ಬಿಟ್ಟರೆ ನೋಡುವವರೂ ಇಲ್ಲ.

ಒಂದು ಕುತೂಹಲ. ಅಲ್ಲಿ ಜಿಂಕೆ ತಿನ್ನುವುದಿಲ್ಲವಾ?


ಹುಲ್ಲುಬಯಲು
ಜುಲೈ 5, ಬೆಳಗ್ಗೆ 9:40

ತಿನ್ನುತ್ತದೆ ಸ್ವಾಮಿ, ಹೂವಿನ ಗೊಂಚಲನ್ನೇ ಕಚ್ಚಿಕೊಂಡು ಹೋಗುತ್ತದೆ. ಕೆಲವು ಕಡೆ ತಂತಿ ಬುಟ್ಟಿ ಮುಚ್ಚುತ್ತೇವೆ. ಇಲ್ಲಿ ಹುಲಿ ಇಲ್ಲ, ತೋಳ ಇಲ್ಲ, ಜಿಂಕೆಗೆ ರಾಜಯೋಗ.


ಲೆಕ್ಕದಮ್ಮ
ಜುಲೈ 9, ರಾತ್ರಿ 9:55

ಎಲ್ಲರಿಗೂ ಉತ್ತರ ಕೊಡಲು ತಡ ಆಯಿತು. ನಾಲ್ಕು ದಿನದಲ್ಲಿ ಏನೇನೋ ನಡೆಯಿತು.

ಭಾನುವಾರ ಅಸೋಸಿಯೇಷನ್ ಮೀಟಿಂಗ್‌ಗೆ ಹೋದೆ. ಆರು ವರ್ಷದಲ್ಲಿ ಇದೇ ಮೊದಲು. ಹನ್ನೆರಡು ಜನ ಇದ್ದರು. ನಾನು ಫೋಟೋ ತೋರಿಸಿದ ತಕ್ಷಣ ಅಧ್ಯಕ್ಷರ ಮುಖ ಬಿಳುಚಿತು. "ಇದು ಪಟ್ಟಿಯಲ್ಲಿದ್ದರೆ ಸರ್ಕಾರದವರು ಬಂದು ಜಾಗ ಮುಚ್ಚುತ್ತಾರೆ, ಮನೆಗಳ ಬೆಲೆ ಬೀಳುತ್ತದೆ" ಅಂದರು. ಇನ್ನೊಬ್ಬರು "ನೋಡಲೇ ಇಲ್ಲ ಅಂತ ಇದ್ದುಬಿಡೋಣ" ಅಂದರು. ಆ ಮಾತು ಕೇಳಿ ನನಗೆ ಸಿಟ್ಟು ಬಂತು, ಆದರೆ ಕರಿಕೋಟು ಅವರು ಬರೆದಿದ್ದು ನೆನಪಾಯಿತು. ಅದನ್ನೇ ನನ್ನ ಇಂಗ್ಲಿಷ್‌ನಲ್ಲಿ ಹೇಳಿದೆ. ಕಾನೂನು ನಿಮ್ಮ ಕೈ ಕಟ್ಟುವುದಿಲ್ಲ, ಯಾರೂ ಬಂದು ಬೇಲಿ ಹಾಕುವುದಿಲ್ಲ, ನಾಳೆ ನೀವು ಕತ್ತರಿಸಿದರೂ ಕೇಸ್ ಇಲ್ಲ ಅಂತ. ತಮಾಷೆ ಏನು ಗೊತ್ತಾ? ಅದು ಗೊತ್ತಾದ ಮೇಲೆಯೇ ಎಲ್ಲರ ಭುಜ ಕೆಳಗಿಳಿಯಿತು. ಅಕ್ಟೋಬರ್ 15ಕ್ಕೆ ಮುಂದೂಡಿದರೆ ಖರ್ಚು ಅಷ್ಟೇನಾ ಅಂತ ಒಬ್ಬರು ಕೇಳಿದರು. ಅಷ್ಟೇ ಅಂದೆ, ರೇಟ್ ಕಾರ್ಡ್ ಮೊದಲೇ ನೋಡಿಕೊಂಡು ಹೋಗಿದ್ದೆ. ಕೈ ಎತ್ತಿ ಒಪ್ಪಿದರು. ಕಾಯ್ದೆಗೆ ಹಲ್ಲಿಲ್ಲದ್ದು ಒಳ್ಳೆಯದಾಯಿತು ಅಂತ ಹೇಳುತ್ತಿಲ್ಲ ನಾನು. ನಮ್ಮ ಪುಣ್ಯಕ್ಕೆ ಆ ದಿನ ಹಾಗಾಯಿತು.

ಸೋಮವಾರ ಸಂಜೆ ಹುಲ್ಲುಬಯಲು ಅವರ ತಂಡದ ಸಸ್ಯತಜ್ಞೆ ಬಂದರು, ಅಸೋಸಿಯೇಷನ್ ಒಪ್ಪಿಗೆ ಪತ್ರ ಕೈಯಲ್ಲಿ ಹಿಡಿದು. ಐದು ದಂಟಿಗೆ ಹಲ್ಲುಕಡ್ಡಿಯಿಂದ ಪರಾಗ ಕಟ್ಟಿದರು. ಆರು ದಂಟು ಹಾಗೇ ಬಿಟ್ಟರು. ಪತಂಗ ಇಲ್ಲಿಗೆ ಬರುತ್ತದೋ ಇಲ್ಲವೋ ಅದರಿಂದ ಗೊತ್ತಾಗುತ್ತದಂತೆ. ಅಮ್ಮ ಮಂಡಿ ಊರಿ ಅವರ ಪಕ್ಕದಲ್ಲೇ ಕೂತರು. ಇಬ್ಬರಿಗೂ ಬರುವಂಥ ಭಾಷೆ ಒಂದೂ ಇಲ್ಲ. ಆ ಹಳದಿ ಗಂಟು ಬಾಗಿದಾಗ ಅಮ್ಮ "ಅಯ್ಯ!" ಅಂದರು, ಅವರೂ ತಲೆ ಆಡಿಸಿದರು. ಅಮ್ಮ ಮನೆಗೆ ಬಂದು ಹೇಳಿದ್ದು, "ವೆನಿಲ್ಲಾಕ್ಕೂ ಹಿಂಗೇ ಕಡ್ಡಿ ಚುಚ್ಚಿದ್ವಲ್ಲ." ನಿಜ. ವೆನಿಲ್ಲಾ ಬೆಲೆ ಏರಿದ್ದ ಕಾಲದಲ್ಲಿ ನಮ್ಮ ತೋಟದಲ್ಲೂ ಬಳ್ಳಿ ಹಾಕಿದ್ದರು. ಅದೂ ಆರ್ಕಿಡ್ ಅಂತ ನನಗೆ ಹೊಳೆದಿರಲೇ ಇಲ್ಲ. ಬೆಳಗ್ಗೆ ಕಾಫಿಗೆ ಮೊದಲೇ ಅಮ್ಮ ಕಡ್ಡಿ ಹಿಡಿದು ತೋಟಕ್ಕೆ ಹೋಗುತ್ತಿದ್ದರು.

ಮಂಗಳವಾರ ನಾನು ಆಫೀಸಿನಲ್ಲಿದ್ದೆ. ಹತ್ತೂಕಾಲಿಗೆ ಪಕ್ಕದ ಮನೆಯವರು ಫೋನ್ ಮಾಡಿದರು. ಹುಲ್ಲು ಹೊಡೆಯುವವನು ಬಂದೇಬಿಟ್ಟಿದ್ದಾನೆ! ಮೀಟಿಂಗ್‌ನಲ್ಲಿ ಒಪ್ಪಿದ್ದು ಯಾರೂ ಅವನಿಗೆ ಹೇಳಿಲ್ಲ. ನಾನು ಕಾರು ಹತ್ತುವಷ್ಟರಲ್ಲಿ ಅಮ್ಮ ಹೊರಗೆ ಹೋಗಿ ಆಗಿತ್ತು. ಪಕ್ಕದ ಮನೆಯವರು ಫೋಟೋ ತೆಗೆದಿದ್ದಾರೆ, ನಮ್ಮ ಮನೆಯವರು ಅದನ್ನು ಎಲ್ಲ ನೆಂಟರ ಗುಂಪಿಗೂ ಕಳಿಸಿದ್ದಾರೆ. ನೀಲಿ ನೂಲಿನ ಸೀರೆ, ಕಾಲಲ್ಲಿ ಶೂ, ಕೈಯಲ್ಲಿ ಬಿಡಿಸಿದ ಕಪ್ಪು ಕೊಡೆ. ಮುಂದೆ ಕೂತು ಓಡಿಸುವ ದೊಡ್ಡ ಮೋವರ್. ಅಮ್ಮನಿಗೆ ಗೊತ್ತಿರುವ ಇಂಗ್ಲಿಷ್ "ನೋ" ಮತ್ತು "ಫ್ಲವರ್". ಎರಡನ್ನೇ ತಿರುಗಿಸಿ ತಿರುಗಿಸಿ ಹೇಳಿದರಂತೆ. ಆ ಹುಡುಗ ಇಂಜಿನ್ ಆಫ್ ಮಾಡಿ, ಇಳಿದು, ಟೋಪಿ ತೆಗೆದು ನಿಂತನಂತೆ. ಅವನ ತಪ್ಪೇನೂ ಇಲ್ಲ, ಅವನಿಗೆ ಕೊಟ್ಟ ಚೀಟಿಯಲ್ಲಿ ಜುಲೈ 8 ಅಂತಲೇ ಇತ್ತು. ಅಮ್ಮ ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿದ್ದಾರೆ.

ಅಷ್ಟರಲ್ಲಿ ಅಂಚಿನ ಒಂದು ಪಟ್ಟೆ ಹೋಗಿತ್ತು. ಎರಡು ದಂಟು, 28 ಹೂವು. ಎರಡೂ ಪರಾಗ ಕಟ್ಟದೆ ಬಿಟ್ಟಿದ್ದವು. ಅಮ್ಮ ಹುಲ್ಲಿನಲ್ಲಿ ಹುಡುಕಿ ಒಂದು ಗೊಂಚಲು ತಂದು ನೀರಿನ ಲೋಟದಲ್ಲಿಟ್ಟರು. ನಿನ್ನೆ ರಾತ್ರಿ ಅಡುಗೆಮನೆ ಎಲ್ಲ ಆ ಪರಿಮಳ. ಯಾರಿಗೂ ಊಟ ಸೇರಲಿಲ್ಲ.


ಸುಮ್ನೆಬಂದೆ
ಜುಲೈ 10, ಬೆಳಗ್ಗೆ 7:30

ಮೇಡಂ, ನನ್ನ ಮೊದಲಿನ ಮಾತು ವಾಪಸ್. ಅಮ್ಮನ ಫೋಟೋ ಇದ್ದರೆ ಹಾಕಿ, ರಸ್ತೆ ಬೋರ್ಡ್ ಕಾಣದ ಹಾಗೆ.

ಮತ್ತೊಂದು, ನಮ್ಮ ಮನೆ ಬೇಲಿ ಮೇಲೂ ಕಾಡು ದ್ರಾಕ್ಷಿ ಬಳ್ಳಿ ಇದೆ. ಈ ವಾರಾಂತ್ಯ ಕೀಳಬೇಕು ಅಂತಿದ್ದೆ. ಬಿಡಲಾ?


ಹುಲ್ಲುಬಯಲು
ಜುಲೈ 10, ಬೆಳಗ್ಗೆ 8:05

ಬಿಡಿ ಸರ್. ಎಲೆಯಲ್ಲಿ ದೊಡ್ಡ ತೂತು ಕಂಡರೆ ಖುಷಿಪಡಿ.

ಲೆಕ್ಕದಮ್ಮ, ಕತ್ತರಿಸಿದ ದಂಟಿನ ಜಾಗದಲ್ಲಿ ಗೆಡ್ಡೆ ಇರುತ್ತದೆ. ಎಲೆ ಸ್ವಲ್ಪ ಉಳಿದಿದ್ದರೆ ಮುಂದಿನ ವರ್ಷಕ್ಕೆ ಬರಬಹುದು. ಅಲ್ಲಿ ಬಾವುಟ, ಕಡ್ಡಿ ಏನೂ ನೆಡಬೇಡಿ. ಗುರುತು ಹಾಕಿದರೆ ಕಳ್ಳನಿಗೂ ಗುರುತು. ನಿಮ್ಮ ಕಿಟಕಿಯಿಂದ ಎಷ್ಟು ಹೆಜ್ಜೆ ಅಂತ ಬರೆದಿಟ್ಟುಕೊಳ್ಳಿ.


ಲೆಕ್ಕದಮ್ಮ
ಸೆಪ್ಟೆಂಬರ್ 14, ರಾತ್ರಿ 8:20

ಲೆಕ್ಕ ಒಪ್ಪಿಸಲು ಬಂದೆ.

ಪರಾಗ ಕಟ್ಟಿದ ಐದು ದಂಟಿನಲ್ಲಿ 78 ಹೂವು ಇತ್ತು. 52 ಕಾಯಿ ಆಗಿವೆ. ಬಿಟ್ಟ ದಂಟುಗಳಲ್ಲಿ ಉಳಿದದ್ದು ನಾಲ್ಕು, 57 ಹೂವು. ಅದರಲ್ಲಿ ಕಾಯಿ 6. ಆರೇ ಆರು. ಆದರೆ ಸೊನ್ನೆ ಅಲ್ಲ. ಸಸ್ಯತಜ್ಞೆಗೆ ಆ 52ಕ್ಕಿಂತ ಈ 6ರ ಮೇಲೆ ಖುಷಿ. ಯಾವುದೋ ಪತಂಗ ರಾತ್ರಿ ಬಂದು ಹೋಗಿದೆ. ನಾನು ಹತ್ತು ದಿನ ಟಾರ್ಚ್ ಹಿಡಿಯದೆ ಕತ್ತಲಲ್ಲಿ ಕೂತಿದ್ದೆ, ಒಂದೂ ಕಾಣಲಿಲ್ಲ. ಹಿಂದಿನ ಲೈಟ್ ಮಾತ್ರ ಆರಿಸಿದ್ದೆ.

ಕಾಯಿ ಕಡಲೆಕಾಯಿಗಿಂತ ಸಣ್ಣದು, ಉದ್ದಕ್ಕೆ ಗೆರೆ. ನಿನ್ನೆ ಮೂರು ಒಡೆದಿದ್ದವು. ಒಂದನ್ನು ಬೆರಳಲ್ಲಿ ಮುಟ್ಟಿದೆ, ಒಳಗಿಂದ ಹೊಗೆಯಂಥದ್ದು ಎದ್ದು ಹೋಯಿತು. ಸಸ್ಯತಜ್ಞೆ ನಾಲ್ಕು ಕಾಯಿ ತೆಗೆದುಕೊಂಡು ಹೋಗಿದ್ದಾರೆ, ಬೇರೆ ಪ್ರೇರಿಗೆ ಬೀರಲು. ಉಳಿದದ್ದು ಇಲ್ಲಿಗೇ.

ಅಮ್ಮ ಆಗಸ್ಟ್‌ನಲ್ಲಿ ಊರಿಗೆ ಹೋದರು. ದಿನಾ ವಾಟ್ಸಾಪ್‌ನಲ್ಲಿ "ಕಾಯಿ ಒಡೀತಾ" ಅಂತ ಒಂದೇ ಪ್ರಶ್ನೆ. ಮೊಮ್ಮಗನ ಪರೀಕ್ಷೆ ವಿಷಯ ಆಮೇಲೆ. ಇವತ್ತು ವಿಡಿಯೋ ಕಳಿಸಿದೆ. ಬ್ಯಾಣದಂಚು ಅವರೇ, ಅಮ್ಮ ಈಗ ನಮ್ಮ ಹಡ್ಲಿನಲ್ಲೂ ಬಿಳಿ ಹೂವು ಹುಡುಕಲು ಹೊರಟಿದ್ದಾರೆ. ಎರಡು ಫೋಟೋ ಕಳಿಸಿದ್ದಾರೆ, ಎರಡೂ ಅಲುಗಾಡಿವೆ. ನಿಮಗೆ ಕಳಿಸುತ್ತೇನೆ, ಹಬೆನೇರಿಯಾ ಹೌದೋ ಅಲ್ಲವೋ ನೋಡಿ ಹೇಳಿ.

ಅಕ್ಟೋಬರ್ 15ರ ಚೀಟಿಯನ್ನು ಈ ಸಲ ನಾನೇ ಆ ಹುಡುಗನ ಕೈಗೆ ಕೊಟ್ಟು ಬಂದೆ. "ಕೊಡೆ ಅಮ್ಮ ಇಲ್ಲವಾ?" ಅಂತ ಕೇಳಿದ.